ಹಳೆಯ ಪ್ಲೇಟೋ, ಹೊಸ ಸೆಟ್ಟೋ?

ಇಳಕಲ್ಲಿನ ಹೆದ್ದಾರಿ ಪಕ್ಕದ ತಗಡಿನ ಶೆಡ್ಡು. ನಮ್ಮ ಮನೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮುಂದಿನ ಎರಡೂ ಸೀಟುಗಳು ಹೊರಗೆ ಬೇವಿನ ಮರಕ್ಕೆ ಒರಗಿ ನಿಂತಿದ್ದವು. ಕಾರಿನ ಒಳಗಿನಿಂದಲೇ ಮುಚ್ಚಳ ಬಿಚ್ಚಿ, ಗೇರ್‌ಬಾಕ್ಸ್ ಎತ್ತಿ ಇಳಿಸಿ, ಮೆಕ್ಯಾನಿಕ್ ಚಾಚಾ ದುಂಡನೆಯ ಕ್ಲಚ್ ಪ್ಲೇಟ್ ಹೊರತೆಗೆದರು. ಮಕ್ಕಳ ಊಟದ ತಟ್ಟೆಯಷ್ಟೇ ಅಗಲ. ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಎರಡೂ ಬದಿಯ ಲೈನಿಂಗ್ ಸವೆದು ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು. ಒಂದು ಕಡೆ ರೊಟ್ಟಿ ಹೊತ್ತಿದಂತೆ ಕಪ್ಪಾಗಿತ್ತು.

"ತಮ್ಮಾ, ಇದಕ್ಕ ಎರಡ ದಾರಿ ಅದಾವ. ಇದ ಪ್ಲೇಟಿಗೆ ಹೊಸಾ ಲೈನಿಂಗ್ ಬಡಸೋದು, ಇಲ್ಲಾ ಹೊಸಾ ಸೆಟ್ ತರಸೋದು. ಯಾವುದ ಮಾಡೂನು?" ಎಂದರು.

ಹಿಂದಿನ ವಾರ ಬಾದಾಮಿಯಿಂದ ಬರುವಾಗ ಏರಿನಲ್ಲಿ ಕಾರು ಕೈಕೊಟ್ಟಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ. ಒಳಗೆ ಸುಟ್ಟ ವಾಸನೆ ತುಂಬಿತ್ತು. ಗಾಡಿಯನ್ನು ಹೇಗೋ ಊರು ಮುಟ್ಟಿಸಿದ್ದೆ. ದಾರಿಯುದ್ದಕ್ಕೂ ನನಗೆ ರಿಪೇರಿಯ ಖರ್ಚಿನದೇ ಚಿಂತೆ. ಚಾಚಾ ಕೇಳಿದ ಪ್ರಶ್ನೆ ಖರ್ಚಿಗಿಂತ ದೊಡ್ಡದು ಎಂಬುದು ಆ ಪ್ಲೇಟು ಕೈಗೆ ಬಂದಾಗಲೇ ತಿಳಿಯಿತು. ಹಳೆಯ ಬ್ರಿಟಿಷ್ ಕಾರು ಇಟ್ಟುಕೊಂಡ ಎಲ್ಲರೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆ ಅದು. ಎರಡೂ ದಾರಿಗೆ ಗಟ್ಟಿ ವಕೀಲರಿದ್ದಾರೆ, ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಎರಡನ್ನೂ ಸಮಾಧಾನದಿಂದ ತೂಗಬೇಕು ಎನಿಸಿತು.

ಹೆರಾಲ್ಡ್ ಎಂದರೆ ಸಾಧು ಸ್ವಭಾವದ ಮನೆಮಂದಿಯ ಕಾರು. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಆಗಿ 1959ರಲ್ಲಿ ಹುಟ್ಟಿತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇಲ್ಲಿ ತಯಾರಿಸಿತು. ಇದರ ಚಾಸಿಯನ್ನೇ ಗಿಡ್ಡ ಮಾಡಿ, ಇದನ್ನು ರೂಪಿಸಿದ ಇಟಲಿಯ ಜಿಯೊವಾನಿ ಮಿಕೆಲೊಟ್ಟಿಯ ಕೈಯಲ್ಲೇ ಹೊಸ ಮೈಕಟ್ಟು ಬರೆಸಿದಾಗ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರಬಂತು. ಅಂಬಾಸಿಡರ್‌ಗೂ ಇಂಥದೇ ನಂಟಿದೆ. ಅದಕ್ಕೆ ದಶಕಗಳ ಕಾಲ ಬಂದ 1489 ಸಿಸಿಯ ಬಿ-ಸೀರೀಸ್ ಇಂಜಿನ್ ಎಂಜಿ ಕಂಪನಿಯ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅದೇ ಬಳಗದ 1798 ಸಿಸಿ ಇಂಜಿನ್ 1962ರಿಂದ 1980ರವರೆಗೆ ಎಂಜಿಬಿಯನ್ನು ಓಡಿಸಿತು. ನಮ್ಮ ಹೊಲದ ಕಡೆಗೂ ಒಂದು ಎಳೆ ಬರುತ್ತದೆ: 1953ರ ಟ್ರಯಂಫ್ ಟಿಆರ್2 ಕಾರಿನ ಇಂಜಿನ್ನು, ಫರ್ಗ್ಯುಸನ್ ಟಿಇ20 ಟ್ರ್ಯಾಕ್ಟರಿನ ಇಂಜಿನ್ನು, ಎರಡೂ ಸ್ಟ್ಯಾಂಡರ್ಡ್ ಕಂಪನಿಯ ಒಂದೇ ಬಳಗದವು. ಹೀಗಾಗಿ ಬೆಂಗಳೂರಿನಲ್ಲಿ ಎಂಜಿ ಇಟ್ಟುಕೊಂಡವರ ಚಿಂತೆಯೂ ಬಾಗಲಕೋಟೆಯಲ್ಲಿ ಹೆರಾಲ್ಡ್, ಅಂಬಾಸಿಡರ್ ಇಟ್ಟುಕೊಂಡವರ ಚಿಂತೆಯೂ ಬೇರೆಬೇರೆಯಲ್ಲ.

ಕ್ಲಚ್ ಮಾಡುವ ಕೆಲಸವನ್ನು ಇಳಕಲ್ಲಿನವರಿಗೆ ಹೇಳುವುದು ಸುಲಭ. ಇಲ್ಲಿಯ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನಡುವೆ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುತ್ತಾರೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೊಂಡಿಯೇ ಕ್ಲಚ್. ಸೀರೆಯ ಕೊಂಡಿ ಒಮ್ಮೆ ಬಿದ್ದರೆ ಬಿಚ್ಚುವುದಿಲ್ಲ, ಕಾರಿನ ಕೊಂಡಿ ದಿನಕ್ಕೆ ನೂರಾರು ಸಲ ಬಿಚ್ಚಿ ಕೂಡುತ್ತದೆ. ಇಂಜಿನ್ ಹಿಂದಿನ ಫ್ಲೈವೀಲ್, ಸ್ಪ್ರಿಂಗ್ ಬಲದಿಂದ ಒತ್ತುವ ಪ್ರೆಷರ್ ಪ್ಲೇಟ್, ಇವೆರಡರ ನಡುವೆ ಲೈನಿಂಗ್ ಹಚ್ಚಿದ ಕ್ಲಚ್ ಪ್ಲೇಟ್. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಸ್ಪ್ರಿಂಗಿನ ಹಿಡಿತ ಬಿಡಿಸುತ್ತದೆ. ಇಡೀ ಯಂತ್ರ ಇಷ್ಟೇ. ಎಲ್ಲ ಜಗಳವೂ ನಡುವಿನ ಆ ಪ್ಲೇಟಿನ ಮೇಲೆಯೇ.

ಲೈನಿಂಗೋ ಸೆಟ್ಟೋ ಎಂಬ ಚರ್ಚೆಗೆ ಮೊದಲು ತಪ್ಪು ನಿಜವಾಗಿ ಪ್ಲೇಟಿನದೇ ಎಂದು ಖಾತ್ರಿ ಆಗಬೇಕು. ಸುಮ್ಮನೆ ಬಿಚ್ಚಿದ ಕ್ಲಚ್‌ಗಳಿಗೆ ಲೆಕ್ಕವಿಲ್ಲ. ಇಂಜಿನ್ ಕೂಗಿ ಕಾರು ಮುಂದೆ ಹೋಗದಿದ್ದರೆ ಪ್ಲೇಟ್ ಜಾರುತ್ತಿದೆ: ಸವೆದಿರಬೇಕು ಇಲ್ಲವೇ ಎಣ್ಣೆ ಕುಡಿದಿರಬೇಕು. ಗೇರ್ ಹಾಕುವಾಗ, ಅದರಲ್ಲೂ ಮೊದಲ ಗೇರ್ ಮತ್ತು ರಿವರ್ಸ್ ಹಾಕುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಗ ಪೆಡಲನ್ನು ಎರಡು ಮೂರು ಸಲ ಬೇಗಬೇಗ ತುಳಿದು ನೋಡಿ. ಗೇರ್ ಮೆತ್ತಗೆ ಬಿದ್ದರೆ ತಪ್ಪು ಹೈಡ್ರಾಲಿಕ್ ಪೈಪಿಗೆ ಸೇರಿದ ಗಾಳಿಯದು, ಇಲ್ಲವೇ ಸಿಲಿಂಡರಿನ ರಬ್ಬರಿನದು. ಗೇರ್‌ಬಾಕ್ಸ್ ಇಳಿಸುವ ಅಗತ್ಯವೇ ಇಲ್ಲ. ಪೆಡಲ್ ತುಳಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್ ಹೋಗಿದೆ. ಬಿಟ್ಟಾಗ ಬಂದು ತುಳಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗನ್ನು ನೋಡಬೇಕು. ಹೊರಡುವಾಗ ಕಾರು ನಡುಗಿದರೆ ಲೈನಿಂಗಿಗೆ ಎಣ್ಣೆ ತಾಗಿರಬಹುದು, ಇಂಜಿನ್ ಮೌಂಟಿಂಗಿನ ರಬ್ಬರ್ ಸತ್ತಿರಲೂಬಹುದು.

ಇನ್ನೊಂದು ಸಣ್ಣ ಜಾಗ ಎಲ್ಲರ ಕಣ್ಣು ತಪ್ಪಿಸುತ್ತದೆ. ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ ಕೂಡುವಲ್ಲಿ ಒಂದು ಪಿನ್ನು ಇರುತ್ತದೆ. ವರ್ಷಗಟ್ಟಲೆ ಓಡಿದ ಕಾರಿನಲ್ಲಿ ಆ ಪಿನ್ನು ಸವೆದು, ಅದರ ತೂತು ದುಂಡಗಿನಿಂದ ಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ಕಾಲು ಒತ್ತಿದ ಒಂದಷ್ಟು ಭಾಗ ಆ ಸಡಿಲದಲ್ಲೇ ಕಳೆದುಹೋಗುತ್ತದೆ. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಕೆಳಗೆ ಸ್ಲೇವ್ ಸಿಲಿಂಡರಿನ ಕಡ್ಡಿ ಎಷ್ಟು ಸರಿಯುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಲಿ. ಮ್ಯಾನುಯಲ್ ಹೇಳಿದಷ್ಟು ಸರಿಯದಿದ್ದರೆ ರೋಗ ಹೊರಗಿದೆ, ಒಳಗಲ್ಲ.

ನಮ್ಮ ಕಾರಿನಲ್ಲಿ ಕಡ್ಡಿ ಸರಿಯಾಗಿಯೇ ಸರಿಯುತ್ತಿತ್ತು, ಪ್ಲೇಟ್ ಜಾರುತ್ತಿತ್ತು. ಹಾಗಾಗಿ ಬಿಚ್ಚಿದ್ದು ತಪ್ಪಾಗಲಿಲ್ಲ. ಇನ್ನು ಎರಡು ದಾರಿಯ ಮಾತು.

ಲೈನಿಂಗ್ ಹಾಕಿಸಿ ಎನ್ನುವವರ ಮೊದಲ ಮಾತು ಗುರುತಿನದು. ಹಳೆಯ ಕಾರಿಗೆ ಹೊಸ ಪ್ಲೇಟ್ ಹುಡುಕುವಾಗ ಅತಿ ದೊಡ್ಡ ತೊಡಕು ಯಾವ ಪ್ಲೇಟ್ ಎಂಬುದೇ. ಎಂಜಿಬಿಗೆ 1967ರಲ್ಲಿ ನಾಲ್ಕೂ ಗೇರಿಗೆ ಸಿಂಕ್ರೊಮೆಶ್ ಇರುವ ಗೇರ್‌ಬಾಕ್ಸ್ ಬಂತು. ಅದರ ಶಾಫ್ಟಿನ ಹಲ್ಲುಗಳಿಗೆ ಹಿಂದಿನ ಪ್ಲೇಟು ಕೂಡುವುದಿಲ್ಲ. ಮೊದಮೊದಲ ಸ್ಪಿಟ್‌ಫೈರ್‌ಗಳ ಪ್ರೆಷರ್ ಪ್ಲೇಟಿನ ಕವರಿನಲ್ಲಿ ಸುರುಳಿ ಸ್ಪ್ರಿಂಗುಗಳಿದ್ದವು, ಆಮೇಲಿನವಕ್ಕೆ ಡಯಾಫ್ರಾಮ್ ಸ್ಪ್ರಿಂಗ್ ಬಂತು. ಅರವತ್ತು ವರ್ಷದಲ್ಲಿ ನಾಲ್ಕು ಕೈ ಬದಲಾದ ಕಾರಿನಲ್ಲಿ ಯಾರು ಯಾವ ಗೇರ್‌ಬಾಕ್ಸ್, ಯಾವ ಫ್ಲೈವೀಲ್ ಕೂರಿಸಿದ್ದಾರೋ ಆರ್‌ಸಿ ಪುಸ್ತಕದಲ್ಲಿ ಬರೆದಿರುವುದಿಲ್ಲ. ನಿಮ್ಮದೇ ಪ್ಲೇಟಿಗೆ ಲೈನಿಂಗ್ ಹಾಕಿಸಿದರೆ ಈ ಚಿಂತೆಯೇ ಇಲ್ಲ. ಅದು ಇಷ್ಟು ದಿನ ಅದೇ ಶಾಫ್ಟಿನ ಮೇಲೆ ಕೂತಿತ್ತು, ನಾಳೆಯೂ ಕೂರುತ್ತದೆ.

ಎರಡನೆಯ ಮಾತು ಹಳೆಯ ಉಕ್ಕಿನದು. ಬೋರ್ಗ್ ಅಂಡ್ ಬೆಕ್ ಕ್ಲಚ್‌ಗಳು ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಊರಿನ ಆಟೊಮೋಟಿವ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಕಾಲದ ಪ್ಲೇಟುಗಳ ಕಟ್ಟುಮಸ್ತು ಬೇರೆಯೇ. ಇಂದು ಪೆಟ್ಟಿಗೆಯ ಮೇಲೆ ಹಳೆಯ ಹೆಸರಿದ್ದರೂ ಹೆಸರಿನ ಒಡೆತನ ಕೈ ಬದಲಾಗಿದೆ. ಒಳಗಿರುವ ಮಾಲು ಒಂದೊಂದು ಸಲ ಒಂದೊಂದು ತರ. ಅಗ್ಗದ ಹೊಸ ಬೇರಿಂಗ್ ವರ್ಷದೊಳಗೇ ಕಿರುಗುಟ್ಟಿದ ಗೋಳನ್ನು ಹಳೆಯ ಕಾರಿನವರ ಬಾಯಲ್ಲಿ ನಾನೇ ಕೇಳಿದ್ದೇನೆ.

ಮೂರನೆಯದು ನಮ್ಮ ಊರಿನ ಕೈಕಸುಬಿನ ಮಾತು. ಕಬ್ಬಿನ ಟ್ರ್ಯಾಕ್ಟರು, ಗ್ರಾನೈಟ್ ಲಾರಿಗಳು ಓಡಾಡುವ ನಾಡಿದು. ಬ್ರೇಕ್ ಶೂ, ಕ್ಲಚ್ ಪ್ಲೇಟಿಗೆ ಲೈನಿಂಗ್ ಬಡಿಯುವವರು ಇಲ್ಲಿ ಇನ್ನೂ ಉಳಿದಿದ್ದಾರೆ. ಹಳೆಯ ರಿವೆಟ್ ಕೊರೆದು ತೆಗೆದು, ಹೊಸ ಲೈನಿಂಗಿಗೆ ಅಳತೆ ಹಿಡಿದು ತೂತು ಹಾಕಿ, ಒಂದೊಂದೇ ರಿವೆಟ್ ಕೂರಿಸುವ ಅವರ ಕೈಯನ್ನು ಒಂದು ಗಂಟೆ ನಿಂತು ನೋಡಿದರೆ ಗೌರವ ಬರುತ್ತದೆ. ದಿನದೊಳಗೆ ಕೆಲಸ ಮುಗಿಯುತ್ತದೆ, ಖರ್ಚು ಹೊಸ ಸೆಟ್ಟಿನ ಒಂದು ಪಾಲಿಗೂ ಬರುವುದಿಲ್ಲ. ದುಡ್ಡು ಊರಲ್ಲೇ ಉಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ. ನಾವೇ ಕೆಲಸ ಕೊಡದಿದ್ದರೆ ಮುಂದಿನ ತಲೆಮಾರು ಈ ವಿದ್ಯೆಯನ್ನು ಯಾಕೆ ಕಲಿಯಬೇಕು?

ಇಷ್ಟು ಕೇಳಿದರೆ ತೀರ್ಪು ಮುಗಿದಂತೆಯೇ ಎನಿಸುತ್ತದೆ. ಆದರೆ ಹೊಸ ಸೆಟ್ಟಿನ ಪರ ನಿಂತವರ ಮಾತೂ ಹಗುರದ್ದಲ್ಲ.

ಅವರು ಹೇಳುವುದು ಇದು: ಲೈನಿಂಗ್ ಹಾಕಿದರೆ ಹೊಸದಾಗುವುದು ಪ್ಲೇಟಿನ ತೊಗಲು ಮಾತ್ರ, ಎಲುಬಲ್ಲ. ಪ್ಲೇಟಿನ ನಡುವಿನ ಹಬ್ಬಿನ ಸುತ್ತ ಸಣ್ಣ ಸ್ಪ್ರಿಂಗುಗಳಿರುತ್ತವೆ, ಇಂಜಿನ್ನಿನ ಜಗ್ಗಾಟವನ್ನು ನುಂಗಲು. ಎರಡು ಲೈನಿಂಗುಗಳ ನಡುವೆ ಅಲೆಯಲೆಯಾಗಿ ಬಾಗಿದ ತೆಳು ಉಕ್ಕಿನ ಎಸಳುಗಳಿರುತ್ತವೆ, ಹಿಡಿತ ಮೆತ್ತಗೆ ಕೂಡಲು. ಈ ಎಸಳು ಚಪ್ಪಟೆಯಾಗಿದ್ದರೆ, ಸ್ಪ್ರಿಂಗ್ ಸಡಿಲಾಗಿದ್ದರೆ ಎಂಥ ಲೈನಿಂಗ್ ಹಾಕಿದರೂ ಕಾರು ನಡುಗುತ್ತದೆ. ಹಬ್ಬಿನ ಹಲ್ಲು ಸವೆದಿದ್ದರೆ ಪ್ಲೇಟ್ ಶಾಫ್ಟಿನ ಮೇಲೆ ಸಲೀಸಾಗಿ ಸರಿಯುವುದಿಲ್ಲ.

ಎರಡನೆಯದು ತಿರುಗುವ ವೇಗ. ಆ ಫರ್ಗ್ಯುಸನ್ ಟ್ರ್ಯಾಕ್ಟರಿನ ಇಂಜಿನ್ ದುಡಿಯುವುದು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ. ಮೊದಲ ಸ್ಪಿಟ್‌ಫೈರ್ ತನ್ನ ಪೂರ್ತಿ ಶಕ್ತಿ ಕೊಡುವುದು 5,750 ಸುತ್ತಿನಲ್ಲಿ. ಟ್ರ್ಯಾಕ್ಟರಿನ ಪ್ಲೇಟಿಗೆ ನಡೆದುಹೋಗುವ ತೂಕದ ಸಣ್ಣ ಏರುಪೇರು ಇಲ್ಲಿ ನಡೆಯುವುದಿಲ್ಲ. ಲೈನಿಂಗಿನ ದಪ್ಪ ಒಂದೆಡೆ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ರಿವೆಟ್ ಸಡಿಲಾದರೆ ಆ ವೇಗದಲ್ಲಿ ಲೈನಿಂಗಿನ ತುಂಡು ಸಿಡಿಯುತ್ತದೆ, ಅದೂ ಕೂತವರ ಕಾಲಿನ ಪಕ್ಕದಲ್ಲೇ.

ಮೂರನೆಯದು ಶ್ರಮದ ಲೆಕ್ಕ. ಹೆರಾಲ್ಡ್, ಸ್ಪಿಟ್‌ಫೈರ್‌ಗಳಲ್ಲಿ ಗೇರ್‌ಬಾಕ್ಸನ್ನು ಕಾರಿನ ಒಳಗಿನಿಂದಲೇ ತೆಗೆಯಬಹುದು. ಎಂಜಿಬಿಯಲ್ಲಿ ಹಾಗಲ್ಲ, ಇಂಜಿನ್ ಎತ್ತದೆ ಕ್ಲಚ್ ಕಾಣಿಸದು. ಅಷ್ಟು ಕೆಲಸ ಮಾಡಿ ಒಂದು ಪ್ಲೇಟಿನಲ್ಲಿ ಉಳಿತಾಯ ಮಾಡಿದರೆ, ಆರು ತಿಂಗಳಿಗೆ ಬೇರಿಂಗ್ ಹೋದಾಗ ಮತ್ತೆ ಅಷ್ಟೂ ಕೆಲಸ. ಪ್ಲೇಟ್, ಕವರ್, ಬೇರಿಂಗ್ ಮೂರನ್ನೂ ಒಂದಕ್ಕೊಂದು ಹೊಂದುವ ಸೆಟ್ಟಾಗಿ ಹಾಕಿದರೆ ಮತ್ತೆ ಎಷ್ಟೋ ವರ್ಷ ಬಿಚ್ಚುವ ಮಾತಿಲ್ಲ.

ನಾಲ್ಕನೆಯದು ಕೆಲಸಗಾರನ ಎದೆಯ ಮಾತು. ಆ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಪುಪ್ಪುಸಕ್ಕೆ ಇಳಿದರೆ ದಶಕಗಳ ನಂತರವೂ ಪ್ರಾಣಕ್ಕೆ ಬರುತ್ತದೆ. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಹಳೆಯ ಲೈನಿಂಗ್ ಕೆತ್ತಿ ತೆಗೆಯುವವರಿಗೆ, ಗಾಳಿ ಪೈಪಿನಿಂದ ಧೂಳು ಊದುವವರಿಗೆ ಈ ಅಪಾಯ ಮೊದಲು. ನಾವು ಉಳಿಸುವ ದುಡ್ಡಿಗೆ ಇನ್ನೊಬ್ಬರ ಉಸಿರು ಬೆಲೆಯಾಗಬಾರದು. ಊದುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು, ತಕ್ಕ ಮಾಸ್ಕ್ ಹಾಕಲೇಬೇಕು. ಹೊಸದಾಗಿ ಬಡಿಯುವ ಲೈನಿಂಗ್ ಆಸ್ಬೆಸ್ಟಾಸ್ ಇಲ್ಲದ್ದೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಹೊಸ ಸೆಟ್ಟಿನ ದಾರಿಗೂ ಮುಳ್ಳುಗಳಿವೆ. ಮದ್ರಾಸಿನ ಕಂಪನಿ 1988ರಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಅಂಬಾಸಿಡರಿನ ಸಾಮಾನು ಇನ್ನೂ ದೊಡ್ಡ ಊರುಗಳಲ್ಲಿ ಸಿಗುತ್ತದೆ, ಹೆರಾಲ್ಡಿನದು ಬ್ರಿಟನ್ನಿನಿಂದಲೇ ಬರಬೇಕು. ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಆಮದು ಸುಂಕ. ವಾರಗಟ್ಟಲೆ ಕಾದ ಮೇಲೆ ತಪ್ಪು ಸೆಟ್ ಬಂದರೆ ವಾಪಸು ಕಳಿಸುವ ಖರ್ಚು ಬೇರೆ.

ಎರಡೂ ಕಡೆ ಕೇಳಿದ ಮೇಲೆ ನನಗೆ ಅನಿಸಿದ್ದು, ಇವರ ಜಗಳಕ್ಕೆ ಉತ್ತರ ಅವರ ಮಾತಿನಲ್ಲಿಲ್ಲ, ಬಿಚ್ಚಿಟ್ಟ ಪ್ಲೇಟಿನಲ್ಲಿದೆ. ಚಾಚಾ ಮಾಡಿದ್ದೂ ಅದನ್ನೇ. ಪ್ಲೇಟನ್ನು ಒರೆಸಿ, ಲೈನಿಂಗಿನ ಕಡೆ ನೋಡದೆ ಹಬ್ಬನ್ನು ಹಿಡಿದರು. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಸುತ್ತಿ ಮತ್ತೆ ಅಲ್ಲಿಗೇ ಬರುವಂತೆ ಎರಡು ಸಲ ಎಣಿಸಿ, ಸಂಖ್ಯೆಯನ್ನು ಶೆಡ್ಡಿನ ಗೋಡೆಯ ಮೇಲೆ ಬರೆದರು. ಹೊರಗಿನ ಅಗಲವನ್ನು ಇಂಚಿನಲ್ಲೇ ಅಳೆದರು. ಬ್ರಿಟಿಷ್ ಗಾಡಿಗೆ ಮಿಲಿಮೀಟರ್ ಹಿಡಿದರೆ ಪಟ್ಟಿಯಲ್ಲಿ ಹುಡುಕುವಾಗ ತಪ್ಪುತ್ತದೆ. ಕವರಿನಲ್ಲಿ ಸುರುಳಿ ಸ್ಪ್ರಿಂಗಿನ ಗುಬುಟುಗಳಿವೆಯೋ, ಹೂವಿನ ಎಸಳಿನಂಥ ಡಯಾಫ್ರಾಮಿದೆಯೋ ನೋಡಿ ಫೋಟೊ ತೆಗೆಸಿದರು. ಕೊನೆಗೆ ಹಬ್ಬನ್ನು ಒಂದು ಕೈಯಲ್ಲಿ, ಅಂಚನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುವಿದರು. ಸ್ಪ್ರಿಂಗುಗಳಲ್ಲಿ ಎರಡು ತಮ್ಮ ಗೂಡಿನಲ್ಲಿ ಕಟಕಟ ಅಲ್ಲಾಡಿದವು.

"ಇದಕ್ಕ ಲೈನಿಂಗ್ ಬ್ಯಾಡ ತಮ್ಮಾ," ಎಂದರು. "ಮ್ಯಾಲ ಚಂದ ಕಾಣತೈತಿ, ಒಳಗ ಉಳಿಯಂಗಿಲ್ಲ. ಹೊಸಾದ ತರಸು."

ಲೈನಿಂಗ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ, ತನ್ನ ಕೈಗೆ ಬರುವ ಕೆಲಸವನ್ನೇ ಬಿಟ್ಟುಕೊಟ್ಟು ಹೀಗೆ ಹೇಳಿದರು. ಆ ಸ್ಪ್ರಿಂಗುಗಳು ಬಿಗಿಯಾಗಿದ್ದಿದ್ದರೆ ಅದೇ ಬಾಯಲ್ಲಿ ಲೈನಿಂಗ್ ಸಾಕು ಎನ್ನುತ್ತಿದ್ದರು, ನಾನೂ ಒಪ್ಪುತ್ತಿದ್ದೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಹಬ್ಬಿನ ಹಲ್ಲು ಸವೆಯದೆ, ಸ್ಪ್ರಿಂಗು ಬಿಗಿಯಾಗಿ, ಎಸಳುಗಳಲ್ಲಿ ಪುಟಿತ ಇನ್ನೂ ಉಳಿದಿದ್ದರೆ, ಕಾರು ವಾರಕ್ಕೊಮ್ಮೆ ಊರೊಳಗೆ ಸಮಾಧಾನವಾಗಿ ಓಡುವಂಥದ್ದಾಗಿದ್ದರೆ, ತೂಕ ಸಮ ಮಾಡಿ ಕೊಡಬಲ್ಲ ಒಳ್ಳೆಯ ಕೈಯಲ್ಲಿ ಲೈನಿಂಗ್ ಹಾಕಿಸಿ. ಅದರಲ್ಲಿ ಏನೂ ಕೊರತೆಯಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ, ಎಂಜಿಬಿಯಂತೆ ಇಂಜಿನ್ ಎತ್ತಬೇಕಾದ ಗಾಡಿಯಾದರೂ, ಹೆದ್ದಾರಿಯಲ್ಲಿ ಜೋರಾಗಿ ಓಡಿಸುವ ಸ್ಪೋರ್ಟ್ಸ್ ಕಾರಾದರೂ ಹೊಸ ಸೆಟ್ ಹಾಕಿ. ಯಾವ ದಾರಿ ಹಿಡಿದರೂ ರಿಲೀಸ್ ಬೇರಿಂಗ್ ಮತ್ತು ಸಿಲಿಂಡರುಗಳ ರಬ್ಬರ್ ಹೊಸದಿರಲಿ, ಫ್ಲೈವೀಲ್ ಮುಖ ಗೀರಿದ್ದರೆ ಲೇಥಿನಲ್ಲಿ ಹದಮಾಡಿಸಿ. ಎಣ್ಣೆ ಸೋರಿಕೆಯ ಮೂಲ ಹಿಡಿಯದೆ ಮುಚ್ಚಬೇಡಿ. ಎಂಜಿಎ, ಅಂಬಾಸಿಡರಿನ ಹಳೆಯ ಬಿ-ಸೀರೀಸ್ ಇಂಜಿನ್ನುಗಳಲ್ಲಿ ಹಿಂಬದಿಗೆ ಇಂದಿನಂಥ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಸುರುಳಿ ಗೀರು ಮಾತ್ರ ಇದೆ. ಅಲ್ಲಿ ತುಸು ಜಿನುಗು ಸಹಜ, ಆದರೆ ಹೊಳೆ ಹರಿಯಬಾರದು.

ಎರಡೂ ಪಕ್ಷದವರು ಮರೆಯುವ ಮೂರನೆಯ ಸಂಗತಿಯೊಂದಿದೆ: ಓಡಿಸುವವರ ಎಡಗಾಲು. ಬನಶಂಕರಿ ಜಾತ್ರೆಯ ದಟ್ಟಣೆಯಲ್ಲಿ ಗೇರ್ ಹಾಕಿ ಅರ್ಧ ಕ್ಲಚ್ ಒತ್ತಿ ಇಂಚಿಂಚು ಸರಿಸುವುದು, ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಕ್ಲಚ್ಚಿನಲ್ಲೇ ಕಾರು ಹಿಡಿದು ನಿಲ್ಲಿಸುವುದು, ಸಪಾಟು ರಸ್ತೆಯಲ್ಲೂ ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಹೋಗುವುದು, ಇವು ಲೈನಿಂಗನ್ನು ತಿನ್ನುವಷ್ಟು ಕಿಲೋಮೀಟರುಗಳು ತಿನ್ನುವುದಿಲ್ಲ. ಅದರಲ್ಲೂ ಎಂಜಿಬಿಯ ರಿಲೀಸ್ ಬೇರಿಂಗ್ ಗುಂಡುಗಳದ್ದಲ್ಲ, ಗ್ರಾಫೈಟಿನ ಬಳೆ. ಕಾಲು ಅದರ ಮೇಲೆ ಇದ್ದಷ್ಟು ಹೊತ್ತೂ ಪೆನ್ಸಿಲ್ಲಿನ ಮೊನೆಯಂತೆ ಸವೆಯುತ್ತದೆ. ನಿಂತಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯುವುದೇ ಅದಕ್ಕೆ ಮದ್ದು.

ಕ್ಲಚ್ಚಿನ ಹೈಡ್ರಾಲಿಕ್ ಡಬ್ಬಿಗೆ ಬ್ರೇಕ್ ಆಯಿಲನ್ನೇ ಹಾಕಿ. ಅವಸರಕ್ಕೆ ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಉಬ್ಬಿ ಕ್ಲಚ್ ಸಿಕ್ಕಿಬೀಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗಿನಿಂದ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ.

ನಮ್ಮ ಹೆರಾಲ್ಡಿಗೆ ಹೊಸ ಸೆಟ್ ಬಂದು ಕೂತಿದೆ. ಹಲ್ಲಿನ ಸಂಖ್ಯೆ, ಇಂಚಿನ ಅಳತೆ, ಕವರಿನ ಫೋಟೊ ಮೂರನ್ನೂ ಮೊದಲೇ ಕಳಿಸಿದ್ದರಿಂದ ತಪ್ಪು ಮಾಲು ಬರಲಿಲ್ಲ. ಗೇರ್‌ಬಾಕ್ಸ್ ಮುಚ್ಚಳ ಹಾಕುವ ಮೊದಲು ಚಾಚಾ ಅದರ ಒಳಮೈಯಲ್ಲಿ ಬಿಳಿ ಬಣ್ಣದಿಂದ ತಾರೀಖು, ಓಡಿದ ಕಿಲೋಮೀಟರು, ಹಲ್ಲಿನ ಸಂಖ್ಯೆ, ಪ್ಲೇಟಿನ ಅಗಲ ಬರೆದರು. ಮುಂದೆ ಯಾರು ಬಿಚ್ಚಿದರೂ ಅವರು ಮೊದಲಿನಿಂದ ಹುಡುಕಬೇಕಾಗಿಲ್ಲ. ಹಳೆಯ ಗಾಡಿ ಇಟ್ಟುಕೊಂಡ ಎಲ್ಲರಲ್ಲೂ ನನ್ನ ಕೋರಿಕೆ ಇಷ್ಟೇ: ಲೈನಿಂಗ್ ಹಾಕಿಸಿ, ಹೊಸದನ್ನೇ ಹಾಕಿಸಿ, ಆದರೆ ನಿಮ್ಮ ಕಾರಿನೊಳಗೆ ಏನಿದೆ ಎಂಬುದನ್ನು ಅಳೆದು ಬರೆದಿಡಿ.